ಕಟ್ಟಿ ನೋಡಲಾರದವರ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನಮ್ಮ ಹಿರಿಯರು ಎಚ್ಚರಿಕೆಗಾಗಿ ಹೇಳಿದರು. ಈ ಎರಡು ಕಾರ್ಯಗಳಿಗೆ ಕೈ ಹಚ್ಚಿದವನ ಗಂಟು ಕರಗಿ, ನಿದ್ರೆ ಕೆಟ್ಟು, ಸಾಲ ಕೊರಳಿಗೆ ಬೀಳುತ್ತದೆಂಬುದು ಅವರ ಅನುಭವವಾಗಿತ್ತು. ನಮ್ಮ ಸರಕಾರಗಳು ಈ ಗಾದೆಯನ್ನು ಬೇರೆ ಬಗೆಯಲ್ಲಿ ಓದಿಕೊಂಡಂತೆ ಕಾಣುತ್ತದೆ. ಅವು ಅದನ್ನು ಬಡವನಿಗೆ ಕೊಟ್ಟ ಅಪ್ಪಣೆಯೆಂದೇ ತಿಳಿದಿವೆ. ದಿನಗೂಲಿಯ ಗೌಂಡಿಗೆ, ನಾಲ್ಕು ಮನೆಗಳ ಮುಸುರೆ ತಿಕ್ಕುವ ಹೆಣ್ಣುಮಗಳಿಗೆ, ಬಟ್ಟೆಯ ಅಂಗಡಿಯಲ್ಲಿ ಸೀರೆ ಮಡಚುವ ಹುಡುಗನಿಗೆ ಅವು ಹೇಳುವುದು ಒಂದೇ ಮಾತು: ‘ಕಟ್ಟಿ ನೋಡು, ಅಷ್ಟಿಷ್ಟು ಹಣ ನಾವು ಕೊಡುತ್ತೇವೆ.’ ಕಟ್ಟಲಾರದವನೂ ಕೊಳ್ಳಲಾರದವನೂ ಇಂದು ರಾತ್ರಿ ಎಲ್ಲಿ ಮಲಗಬೇಕೆಂದು ಕೇಳಿದರೆ ನಮ್ಮ ವಸತಿ ನೀತಿ ತಡವರಿಸುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟು. ಕಡಿಮೆ ವರಮಾನದ ಕುಟುಂಬಗಳಿಗಾಗಿ ಸರಕಾರವೇ ಬಾಡಿಗೆಯ ಮನೆಗಳನ್ನು ಕಟ್ಟಬೇಕು. ಕಟ್ಟಿದ್ದನ್ನು ಮಾರಬಾರದು. ಒಳ್ಳೆಯ ಮಾಲಕನಂತೆ ಅವನ್ನು ಕಾಪಾಡಿಕೊಂಡು ಬರಬೇಕು. ಕನ್ನಡ ಪಾಠ ಹೇಳುವವನಿಗೆ ಈ ಇಟ್ಟಿಗೆ-ಸಿಮೆಂಟಿನ ವಿಚಾರವೇಕೆಂದು ವಾಚಕರು ಕೇಳಬಹುದು. ನಾನು ಅರ್ಥಶಾಸ್ತ್ರಜ್ಞನಲ್ಲ, ನಿಜ. ಆದರೆ ನಾನೊಬ್ಬ ಮನೆ ಮಾಲಕ. ಆದ್ದರಿಂದ ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡು, ಬಳಿಕ ಸರಕಾರದ ತಪ್ಪಿನ ಮಾತಿಗೆ ಬರುತ್ತೇನೆ.

ನನ್ನ ಮನೆ ಇರುವುದು ಧಾರವಾಡದ ಪಡುವಣ ಅಂಚಿನ ಕೆಲಗೇರಿಯಲ್ಲಿ. ಒಂದು ಕಾಲಕ್ಕೆ ಇಲ್ಲಿಯ ಕೆರೆಯ ನೀರನ್ನೇ ಧಾರವಾಡದವರು ಕುಡಿಯುತ್ತಿದ್ದರು. ಹಳ್ಳಿಯಾಗಿದ್ದ ಕೆಲಗೇರಿ ಈಗ ಊರಿನ ಸೆರಗಿಗೆ ಸೇರಿಹೋಗಿದೆ. ವಿಶ್ವವಿದ್ಯಾಲಯ ಹತ್ತಿರವಿರುವುದರಿಂದ ಬಾಡಿಗೆಗೆ ಗಿರಾಕಿಗಳು ಸದಾ ಉಂಟು. ಜಾಗವಿದ್ದವರೆಲ್ಲ ಹಿತ್ತಲಿನಲ್ಲಿ ಎರಡು ಕೋಣೆ ಎಬ್ಬಿಸಿದ್ದೇವೆ. ನನ್ನ ಹಿತ್ತಲಿನಲ್ಲೂ ಅಂಥ ಎರಡು ಕೋಣೆಗಳಿವೆ. ಮೇಲೆ ಪತ್ರಾಸು, ಹೊರಗೆ ಬಚ್ಚಲು.

ಕೆಲವು ವರ್ಷಗಳ ಕೆಳಗೆ ನವಲಗುಂದದ ಕಡೆಯ ಹಳ್ಳಿಯೊಂದರಿಂದ ಬಂದ ಕುಟುಂಬವೊಂದು ಅಲ್ಲಿತ್ತು. ಗಂಡ ಗೌಂಡಿ. ಹೆಂಡತಿ ನಮ್ಮ ಓಣಿಯ ಮೂರು ಮನೆಗಳಲ್ಲಿ ಕೆಲಸ ಮಾಡುತ್ತಿದ್ದಳು. ಮಗಳು ಏಳನೆಯ ಇಯತ್ತೆ. ಬಾಡಿಗೆ ತಿಂಗಳಿಗೆ 3500 ರೂಪಾಯಿ, ಡಿಪಾಜಿಟ್ಟು 20,000. ಮೂರು ವರ್ಷದಲ್ಲಿ ಒಂದು ತಿಂಗಳೂ ಅವರು ಬಾಡಿಗೆ ತಪ್ಪಿಸಲಿಲ್ಲ. ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಂತಾಗ ಎಲ್ಲಿಂದ ತಂದರೋ, ನಾನು ಕೇಳಲಿಲ್ಲ.

ಒಂದು ದಿನ ಆ ಹೆಣ್ಣುಮಗಳು ಬಾಗಿಲಲ್ಲಿ ನಿಂತು ಕೇಳಿದಳು: ‘ಸರ್ರ, ಸರಕಾರದ ಮನಿಗೆ ಅರ್ಜಿ ಕರದಾರಂತ್ರಿ. ಇದ ಊರಾಗ ಇರ್ತೀವಿ ಅಂತ ಒಂದು ಬಾಡಿಗಿ ಕರಾರು ಬೇಕಂತ್ರಿ. ಬರಕೊಟ್ರ ಭಾಳ ಉಪಕಾರ ಆಕ್ಕೈತ್ರಿ.’

‘ನೋಡೂಣು ತಡಿಯವ್ವಾ’ ಎಂದೆ.

ಏನು ನೋಡುವುದಿತ್ತು? ಅವರು ನನ್ನ ಹಿತ್ತಲಿನಲ್ಲಿ ಇದ್ದುದು ಸೂರ್ಯನಷ್ಟು ಸತ್ಯ. ಆದರೆ ಕಾಗದಕ್ಕೆ ಸಹಿ ಹಾಕಿದರೆ ಮುಂದೆ ಮನೆ ಬಿಡಿಸುವುದು ಕಷ್ಟವಾದೀತೆಂದು ಬಂಧುಗಳು ಹೆದರಿಸಿದರು. ಹಿತ್ತಲಿನ ಕೋಣೆಗಳ ತೆರಿಗೆಯ ಮಾತು ಹೊರಬಿದ್ದೀತೆಂದು ನಾನೇ ಹೆದರಿದೆ. ಮೂರು ವಾರ ತಡೆದು ಕೊನೆಗೆ ಸಹಿ ಹಾಕಿದಾಗ ಅರ್ಜಿಯ ಅವಧಿ ಮುಗಿದಿತ್ತು. ಅವಳು ಏನೂ ಅನ್ನಲಿಲ್ಲ. ಮರುವರ್ಷ ಓಣಿಯ ಧಾರಣೆ ಏರಿತೆಂದು ನಾನೂ ಬಾಡಿಗೆ ಏರಿಸಿದೆ. ಅವರು ಊರ ಹೊರಗಿನ ಅಗ್ಗದ ಕೋಣೆಯೊಂದಕ್ಕೆ ಹೋದರು. ವರ್ಷದ ನಡುವೆ ಹುಡುಗಿಯ ಶಾಲೆ ಬಿಟ್ಟುಹೋಯಿತು. ಈಗ ಆ ಕೋಣೆಗಳಲ್ಲಿ ಇಬ್ಬರು ವಿದ್ಯಾರ್ಥಿಗಳಿದ್ದಾರೆ. ಬಾಡಿಗೆ 6000.

ಇದರಲ್ಲಿ ನಾನು ಕಾನೂನಿಗೆ ವಿರುದ್ಧವಾದದ್ದೇನನ್ನೂ ಮಾಡಿದಂತಿಲ್ಲ. ಓಣಿಯ ಎಲ್ಲ ಸಭ್ಯ ಗೃಹಸ್ಥರು ಮಾಡುವುದನ್ನೇ ಮಾಡಿದೆ. ನನ್ನ ಅಳಲು ಇರುವುದು ಅಲ್ಲಿಯೇ. ಒಂದು ಕುಟುಂಬ ಊರಿನಲ್ಲಿ ನೆಲೆ ನಿಲ್ಲುವುದೂ ಕೀಳುವುದೂ, ಮಗುವೊಂದು ಶಾಲೆಯಲ್ಲಿ ಉಳಿಯುವುದೂ ಬಿಡುವುದೂ ನನ್ನಂಥ ಮಾಸ್ತರನ ಧೈರ್ಯ-ಪುಕ್ಕಲುತನಗಳ ಮೇಲೆ ನಿಂತಿರಬೇಕೇ? ಮನೆ ಮಾಲಕರ ಸಜ್ಜನಿಕೆಯನ್ನೇ ನಂಬಿಕೊಂಡ ವ್ಯವಸ್ಥೆ ವ್ಯವಸ್ಥೆಯೇ ಅಲ್ಲ.

ಆಕೆ ಅರ್ಜಿಯನ್ನು ಸಕಾಲದಲ್ಲಿ ಹಾಕಿದ್ದರೆ ಮನೆ ಸಿಕ್ಕುತ್ತಿತ್ತೇ? ಲೆಕ್ಕ ಹಾಕಿ ನೋಡೋಣ. 2015ರ ಜೂನ್ 25ರಂದು ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗ ಆರಂಭವಾಯಿತು. ‘2022ಕ್ಕೆ ಎಲ್ಲರಿಗೂ ಮನೆ’ ಎಂಬುದು ಅದರ ಘೋಷಣೆ. ಮನೆ ಸೇರಲು ಅದು ನಾಲ್ಕು ಬಾಗಿಲುಗಳನ್ನು ತೆರೆಯಿತು. ಸ್ವಂತ ಜಾಗವಿದ್ದವನು ತಾನೇ ಕಟ್ಟಿಕೊಂಡರೆ ಕೇಂದ್ರದಿಂದ ಒಂದೂವರೆ ಲಕ್ಷ ರೂಪಾಯಿ. ನಮ್ಮ ಗೌಂಡಿಗೆ ಊರಿನಲ್ಲಿ ಅಂಗೈಯಗಲ ಜಾಗವಿಲ್ಲ. ಒಂದನೆಯ ಬಾಗಿಲು ಮುಚ್ಚಿತು. ಬ್ಯಾಂಕಿನಿಂದ ಸಾಲ ತೆಗೆದರೆ ಬಡ್ಡಿಯಲ್ಲಿ ರಿಯಾಯಿತಿ. ಸಂಬಳದ ಚೀಟಿಯಿಲ್ಲದವನಿಗೆ ಗೃಹಸಾಲ ಕೊಡುವ ಬ್ಯಾಂಕು ಎಲ್ಲಿದೆ? ಎರಡನೆಯದೂ ಮುಚ್ಚಿತು. ಸರಕಾರ ಪಾಲುದಾರರೊಡನೆ ಕಟ್ಟಿಸಿದ ಬಹುಮಹಡಿಯ ಮನೆಯನ್ನು ಕೊಳ್ಳಬಹುದು. ಅದಕ್ಕೂ ಕೇಂದ್ರದ ಒಂದೂವರೆ ಲಕ್ಷ, ರಾಜ್ಯದ ಪಾಲು ಉಂಟು, ಆದರೆ ಉಳಿದ ಲಕ್ಷಗಳು ಫಲಾನುಭವಿಯವು. ಮಳೆಗಾಲದ ಬಾಡಿಗೆಗೆ ಕೈಗಡ ತರುವವನು ಆ ಲಕ್ಷಗಳನ್ನು ಎಲ್ಲಿಂದ ತಂದಾನು? ಮೂರನೆಯದೂ ಮುಚ್ಚಿತು. ನಾಲ್ಕನೆಯದು ಕೊಳಗೇರಿಯಲ್ಲಿದ್ದವರಿಗೆ ಅಲ್ಲಿಯೇ ಹೊಸ ಮನೆ ಕಟ್ಟಿಕೊಡುವುದು. ಕೆಲಗೇರಿಗೂ ಕೊಳಗೇರಿಗೂ ಕಿವಿಗೆ ಅಂತರ ಕಡಿಮೆಯಾದರೂ ದಫ್ತರದಲ್ಲಿ ಬಹಳ. ಸಭ್ಯರ ಹಿತ್ತಲಿನಲ್ಲಿ ಬಾಡಿಗೆಗಿರುವ ಬಡವನು ಕೊಳಗೇರಿಯವನೂ ಅಲ್ಲ, ಬಡಾವಣೆಯವನೂ ಅಲ್ಲ. ಅವನು ಲೆಕ್ಕದಲ್ಲಿಯೇ ಇಲ್ಲ.

ನಾಲ್ಕು ಬಾಗಿಲುಗಳಲ್ಲಿ ಒಂದರ ಮೇಲಾದರೂ ‘ಬಾಡಿಗೆ’ ಎಂಬ ಮಾತು ಬರೆದಿರಲಿಲ್ಲ. ಬಾಡಿಗೆದಾರರು ವಿರಳವೆಂದೇ? 2011ರ ಜನಗಣತಿಯ ಪ್ರಕಾರ ಭಾರತದ ನಗರಗಳ ಕುಟುಂಬಗಳಲ್ಲಿ ನೂರಕ್ಕೆ 27ಕ್ಕೂ ಹೆಚ್ಚು ಬಾಡಿಗೆ ಮನೆಗಳಲ್ಲಿದ್ದವು. ಅದೇ ಗಣತಿ ನಗರಗಳಲ್ಲಿ ಸುಮಾರು 1 ಕೋಟಿ 11 ಲಕ್ಷ ಮನೆಗಳು ಖಾಲಿ ಬಿದ್ದಿರುವುದನ್ನೂ ಕಂಡಿತು. ಮರುವರ್ಷ, 2012ರಲ್ಲಿ, ಕೇಂದ್ರವು ನೇಮಿಸಿದ ತಜ್ಞರ ತಂಡ ನಗರಗಳಲ್ಲಿ 1 ಕೋಟಿ 88 ಲಕ್ಷದಷ್ಟು ಮನೆಗಳ ಕೊರತೆಯಿದೆಯೆಂದು ಲೆಕ್ಕ ಕೊಟ್ಟಿತು. ಕೊರತೆಯಲ್ಲಿ ನೂರಕ್ಕೆ 95ಕ್ಕೂ ಮೇಲ್ಪಟ್ಟ ಪಾಲು ಬಡವರದು ಮತ್ತು ಕಡಿಮೆ ವರಮಾನದವರದು. ಒಂದು ಕಡೆ ಕೋಟಿಗಟ್ಟಲೆ ಬೀಗ, ಇನ್ನೊಂದು ಕಡೆ ಕೋಟಿಗಟ್ಟಲೆ ಇಕ್ಕಟ್ಟು! ಬೀಗ ಹಾಕಿದ ಮನೆಗಳು ಉಳ್ಳವರ ಹೂಡಿಕೆ. ಅವು ಬಡವನಿಗೆ ತೆರೆಯುವುದಿಲ್ಲ. ತೆರೆದರೂ ಆ ಬಾಡಿಗೆ ಅವನ ಕೈಗೆ ಎಟುಕುವುದಿಲ್ಲ.

ಸರಕಾರಕ್ಕೆ ಇದರ ಅರಿವು ಬಂದದ್ದು ಒಂದು ಮಹಾ ಸಂಕಟದಿಂದ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಲಕ್ಷಗಟ್ಟಲೆ ಕೂಲಿಕಾರರು ನಗರಗಳನ್ನು ಬಿಟ್ಟು, ಮಕ್ಕಳನ್ನು ಹೆಗಲ ಮೇಲೆ ಹೊತ್ತು ಊರುಗಳಿಗೆ ನಡೆದರು. ಕೂಲಿ ನಿಂತ ತಿಂಗಳೇ ಬಾಡಿಗೆಯ ಕೋಣೆಯೂ ಕೈತಪ್ಪಿತೆಂಬುದು ಆ ನಡಿಗೆಯ ಕಾರಣಗಳಲ್ಲೊಂದು. ನಗರಗಳನ್ನು ಕಟ್ಟಿದವರಿಗೆ ನಗರದಲ್ಲಿ ಒಂದು ತಿಂಗಳು ನಿಲ್ಲುವ ನೆಲೆಯಿಲ್ಲವೆಂದು ದೇಶವೆಲ್ಲ ಕಂಡಿತು. ಅದೇ ವರ್ಷದ ಜುಲೈಯಲ್ಲಿ ಕೇಂದ್ರ ಸಂಪುಟ ಕೈಗೆಟುಕುವ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಿಂದಿನ ಯೋಜನೆಗಳಲ್ಲಿ ಕಟ್ಟಿ ಖಾಲಿ ಬಿದ್ದಿದ್ದ ಸರಕಾರಿ ಮನೆಗಳನ್ನು ಬಾಡಿಗೆಗೆ ಕೊಡುವುದು ಒಂದು ಮಾರ್ಗ. ಕಂಪನಿಗಳೂ ಸಂಸ್ಥೆಗಳೂ ತಮ್ಮ ಜಾಗದಲ್ಲಿ ಕಟ್ಟಿ 25 ವರ್ಷ ಬಾಡಿಗೆಗೆ ನಡೆಸುವುದು ಇನ್ನೊಂದು. ಫಲವೇನು? ಸರಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ ಖಾಲಿಯಿದ್ದ ಸರಕಾರಿ ಮನೆಗಳು 80 ಸಾವಿರಕ್ಕೂ ಹೆಚ್ಚು. ಮೊದಲ ಎರಡು ಮೂರು ವರ್ಷಗಳಲ್ಲಿ ಬಾಡಿಗೆಯ ಮನೆಗಳಾಗಿ ಮಾರ್ಪಟ್ಟವು 6 ಸಾವಿರವನ್ನೂ ಮುಟ್ಟಲಿಲ್ಲ. ಸೂರಿಲ್ಲದವರೂ ಇದ್ದಾರೆ, ಸೂರೂ ಇದೆ, ನಡುವೆ ಬೀಗ. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಮಾತಿಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕೇ?

2024ರ ಆವಾಸ್ ಯೋಜನೆಯ ಎರಡನೆಯ ಆವೃತ್ತಿಯಲ್ಲಿ ಬಾಡಿಗೆ ವಸತಿಗೂ ಒಂದು ಅಂಗವಾಗಿ ಸ್ಥಾನ ಸಿಕ್ಕಿದೆ. ಇದು ಸ್ವಾಗತಾರ್ಹ. ಆದರೆ ಕಟ್ಟಿದ ಮನೆಗಳನ್ನೇ ತೆರೆಯಲಾರದ ಕೈಗಳು ಹೊಸ ಮನೆ ಕಟ್ಟಿ, ನಡೆಸಿ, ಕಾಪಾಡುವವೆಂದು ನಂಬಲು ನನಗೆ ಧೈರ್ಯ ಸಾಲದು. ಹಣ ಒದಗಿಸಿದರೆ ಸಾಲದು. ಮನೆ ಎಂದರೇನೆಂಬ ನಮ್ಮ ಕಲ್ಪನೆಯೇ ತಿದ್ದಿಕೊಳ್ಳಬೇಕಾಗಿದೆ.

ಈ ಕಲ್ಪನೆ ಮೊದಲಿನಿಂದಲೂ ಹೀಗಿರಲಿಲ್ಲ. ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1920ರ ದಶಕದಲ್ಲಿ, ಅಲ್ಲಿಯ ಸರಕಾರದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟು ವರಳಿ, ನಾಯಗಾಂವ, ಡಿಲಾಯ್ಲ್ ರೋಡ್, ಶಿವಡಿಗಳಲ್ಲಿ 207 ಚಾಳಗಳನ್ನು ಕಟ್ಟಿತು. ಬಿ.ಡಿ.ಡಿ. ಚಾಳಗಳೆಂದು ಅವುಗಳ ಹೆಸರು. ಒಂದೊಂದು ಕುಟುಂಬಕ್ಕೆ ಒಂದೊಂದು ಕೋಣೆ, ಮಹಡಿಗೆಲ್ಲ ಸೇರಿ ಶೌಚಾಲಯ. ಅರಮನೆಯೇನಲ್ಲ. ಆದರೂ ಗಿರಣಿಯ ಭೋಂಗಾ ಕೇಳಿಸುವಷ್ಟು ಹತ್ತಿರದಲ್ಲಿ, ಕೊಡಬಲ್ಲ ಬಾಡಿಗೆಗೆ, ಯಾರೂ ನಾಳೆ ಹೊರಹಾಕಲಾರರೆಂಬ ಭರವಸೆಯಲ್ಲಿ ತಲೆಮಾರುಗಳು ಅಲ್ಲಿ ಬಾಳಿದವು. ಸ್ವಾತಂತ್ರ್ಯಾನಂತರ 1948ರ ಕಾಯಿದೆಯಂತೆ ಮುಂಬಯಿಗೆ ಗೃಹನಿರ್ಮಾಣ ಮಂಡಳಿ ಬಂದಿತು. 1952ರಲ್ಲಿ ಕೇಂದ್ರ ಸರಕಾರ ಕೈಗಾರಿಕಾ ಕಾರ್ಮಿಕರಿಗಾಗಿ ಸಹಾಯಧನದ ವಸತಿ ಯೋಜನೆಯನ್ನು ತಂದಿತು. ಸಹಾಯಧನವನ್ನೂ ಸಾಲವನ್ನೂ ಪಡೆದು ರಾಜ್ಯಗಳು ಮನೆ ಕಟ್ಟಬೇಕು, ಕಾರ್ಮಿಕನಿಗೆ ಅವನು ಕೊಡಬಲ್ಲ ಬಾಡಿಗೆಗೆ ಕೊಡಬೇಕು ಎಂಬುದು ಅದರ ತಿರುಳು. ಸ್ವತಂತ್ರ ಭಾರತದ ಮೊದಲ ವಸತಿ ಯೋಜನೆಗಳಲ್ಲೊಂದು ಬಾಡಿಗೆಯ ಯೋಜನೆಯಾಗಿತ್ತೆಂಬುದನ್ನು ಇಂದು ಎಷ್ಟು ಮಂದಿ ನೆನೆಯುತ್ತಾರೆ?

ಬರಬರುತ್ತ ಗಾಳಿ ತಿರುಗಿತು. ಬಾಡಿಗೆ ವಸೂಲಿ ತಲೆನೋವು, ದುರಸ್ತಿ ತಲೆನೋವು. ಇದ್ದವರಿಗೇ ಮಾರಿ ಕೈ ತೊಳೆದುಕೊಳ್ಳುವುದು ಲೇಸೆಂದು ಮಂಡಳಿಗಳಿಗೆ ತೋರಿತು. 1962ರ ಕಾಯಿದೆಯ ನಮ್ಮ ಗೃಹಮಂಡಳಿ ನಿವೇಶನ ಹಂಚುವ, ಮನೆ ಮಾರುವ ಸಂಸ್ಥೆಯಾಗಿಯೇ ಜನರಿಗೆ ಪರಿಚಿತ. ಕೊಳಗೇರಿಗಳಿಗೆ 1973ರ ಕಾಯಿದೆ, ಬಡವರ ಮನೆಗೆ 1990ರ ದಶಕದ ಆಶ್ರಯ ಯೋಜನೆ, 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, ಹೀಗೆ ಸಂಸ್ಥೆಗಳು ಬೆಳೆದವು. ಇವುಗಳಿಂದ ಲಕ್ಷಾಂತರ ಮಂದಿಗೆ ಒಳಿತಾಗಿದೆ. ಅದನ್ನು ಅಲ್ಲಗಳೆದರೆ ನಾಲಿಗೆ ಹುಳ ಬಿದ್ದೀತು. ಆದರೆ ಎಲ್ಲದರ ಗುರಿಯೂ ಒಂದೇ ಚಿತ್ರ: ವೇದಿಕೆ, ಹಾರ, ಮಂತ್ರಿಗಳ ಕೈಯಿಂದ ಫಲಾನುಭವಿಯ ಕೈಗೆ ಹಕ್ಕುಪತ್ರ. ಬಾಡಿಗೆ ಮನೆಗೆ ಈ ಚಿತ್ರದ ಭಾಗ್ಯವಿಲ್ಲ. ಅದರಲ್ಲಿ ಒಂದು ದಿನದ ಸಮಾರಂಭವಿಲ್ಲ, ನಲವತ್ತು ವರ್ಷಗಳ ಕೆಲಸವಿದೆ. ನಮ್ಮ ರಾಜಕಾರಣಕ್ಕೆ ಅದು ರುಚಿಸದಿರಲು ಇದಕ್ಕಿಂತ ದೊಡ್ಡ ಕಾರಣವನ್ನು ಹುಡುಕಬೇಕಾಗಿಲ್ಲ.

‘ಸರಕಾರಕ್ಕೆ ಬಾಡಿಗೆ ಮನೆ ನಡೆಸುವುದು ಆಗದ ಮಾತು’ ಎನ್ನುವವರನ್ನು ನಾನು ಹುಬ್ಬಳ್ಳಿಗೆ ಕರೆದೊಯ್ಯಬಯಸುತ್ತೇನೆ. 19ನೆಯ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಅಲ್ಲಿ ಕಾರ್ಖಾನೆ ತೆರೆದಂದಿನಿಂದ ಊರಿಗೂ ರೈಲ್ವೆ ಕ್ವಾರ್ಟರ್ಸಿಗೂ ನಂಟು ಬೆಳೆದಿದೆ. ಕ್ವಾರ್ಟರ್ಸೆಂದರೇನು? ಸರಕಾರ ಕಟ್ಟಿ, ತಾನೇ ಒಡೆಯನಾಗಿ ಉಳಿದು, ನೌಕರನ ದರ್ಜೆಗೆ ತಕ್ಕ ಮನೆಯನ್ನು ಸರದಿಯಂತೆ ಕೊಟ್ಟು, ಸಂಬಳದಲ್ಲಿ ಶುಲ್ಕ ಹಿಡಿದು, ಸೋರಿದರೆ ತನ್ನ ಇಂಜಿನಿಯರರಿಂದ ದುರಸ್ತಿ ಮಾಡಿಸುವ ಬಾಡಿಗೆಯ ಮನೆಯೇ ಅಲ್ಲವೇ? ಇರುವವನು ನಿವೃತ್ತನಾದರೆ ಮನೆ ಮತ್ತೊಬ್ಬನಿಗೆ ಹೋಗುತ್ತದೆ. ಮನೆ ಮಾತ್ರ ಸಾರ್ವಜನಿಕರ ಸ್ವತ್ತಾಗಿ ಉಳಿಯುತ್ತದೆ. ಪೋಲೀಸರಿಗೆ, ರೈಲ್ವೆಯವರಿಗೆ, ವಿಶ್ವವಿದ್ಯಾಲಯದವರಿಗೆ, ನ್ಯಾಯಾಧೀಶರಿಗೆ, ಜಿಲ್ಲಾಧಿಕಾರಿಗಳಿಗೆ ಈ ಏರ್ಪಾಡು ನಡೆದುಬಂದಿದೆ. ಅವುಗಳ ಗೋಡೆಗೆ ಸುಣ್ಣ ಕಾಣದೆ ವರ್ಷಗಳಾಗಿರಬಹುದು, ಕಿಟಕಿ ಮುರಿದಿರಬಹುದು. ಆದರೂ ಏರ್ಪಾಡು ನಿಂತಿದೆ. ತಿಂಗಳ ಸಂಬಳವಿದ್ದವನಿಗೆ ಸಾಧ್ಯವಾದ ವಿದ್ಯೆ ಸಂಬಳವಿಲ್ಲದವನಿಗೆ ಮಾತ್ರ ಅಸಾಧ್ಯವಾಗುವುದು ಯಾವ ನ್ಯಾಯ? ಸರಕಾರಕ್ಕೆ ಮಾಲಕನಾಗಿ ನಡೆದುಕೊಳ್ಳುವುದು ಗೊತ್ತಿದೆ. ಬಡವನಿಗೆ ಮಾಲಕನಾಗುವ ಮನಸ್ಸು ಮಾತ್ರ ಇಲ್ಲ.

ಇನ್ನು ವಿರೋಧಿಗಳ ಬಲವಾದ ವಾದವನ್ನು ನಾನೇ ಮುಂದಿಡುತ್ತೇನೆ. ಸರಕಾರ ಬಡವರಿಗಾಗಿ ಕಟ್ಟಿದ ಮನೆಗಳು ಹಾಳಾಗುತ್ತವೆ ಎನ್ನುತ್ತಾರೆ. ಸುಳ್ಳಲ್ಲ. ಬೆಂಗಳೂರಿನ ಈಜಿಪುರದಲ್ಲಿ ಅಲ್ಲಿಯ ಪಾಲಿಕೆ ಬಡವರಿಗಾಗಿ ಕಟ್ಟಿಸಿದ 1512 ಮನೆಗಳ ವಸತಿಗೃಹಗಳು ಒಂದು ತಲೆಮಾರನ್ನೂ ಬಾಳದೆ ಕುಸಿಯತೊಡಗಿದವು. ಜನ ಅದೇ ಜಾಗದಲ್ಲಿ ಶೆಡ್ಡು ಹಾಕಿಕೊಂಡು ಕಾದರು. 2013ರ ಜನವರಿಯಲ್ಲಿ ಬುಲ್‌ಡೋಜರು ಬಂದು ಆ ಶೆಡ್ಡುಗಳನ್ನೂ ಕೆಡವಿತು. ಅಮೇರಿಕದ ಸೇಂಟ್ ಲೂಯಿಯಲ್ಲಿ 1950ರ ದಶಕದ ನಡುವೆ ಕಟ್ಟಿದ ಪ್ರೂಟ್-ಐಗೋ ಎಂಬ 33 ಕಟ್ಟಡಗಳ ಸಮುಚ್ಚಯವನ್ನು 1972ರಿಂದ ಸಿಡಿಮದ್ದಿಟ್ಟು ಕೆಡವಬೇಕಾಯಿತು. ಬಡವರ ಮನೆಯ ಮಾತೆತ್ತಿದರೆ ಸಾಕು, ಆ ಧೂಳಿನ ಚಿತ್ರವನ್ನು ಎತ್ತಿ ತೋರಿಸುತ್ತಾರೆ.

ಆದರೆ ಕಾರಣವನ್ನೂ ಕೇಳಬೇಕಲ್ಲ. ಪ್ರೂಟ್-ಐಗೋದ ದುರಸ್ತಿಯ ಖರ್ಚೆಲ್ಲ ಅಲ್ಲಿ ಇದ್ದವರ ಬಾಡಿಗೆಯಿಂದಲೇ ಬರಬೇಕೆಂಬ ಕಟ್ಟು ಇತ್ತು. ಊರಿನ ಕೆಲಸಗಳು ಕಡಿಮೆಯಾಗಿ ಜನ ತೆರಳಿದಂತೆ ಬಾಡಿಗೆ ಇಳಿಯಿತು, ಬಾಡಿಗೆ ಇಳಿದಂತೆ ದುರಸ್ತಿ ನಿಂತಿತು, ದುರಸ್ತಿ ನಿಂತಂತೆ ಉಳಿದವರೂ ತೆರಳಿದರು. ಈಜಿಪುರದ ಕಥೆಯಲ್ಲೂ ಗಟ್ಟಿಯಾಗಿ ಕಟ್ಟುವ, ಕಟ್ಟಿದ್ದನ್ನು ಕಾಯುವ ಹೊಣೆ ಹೊತ್ತವರು ಕಾಣಿಸುವುದಿಲ್ಲ. ಮನೆ ಹಾಳಾದದ್ದು ಬಾಡಿಗೆಯದಾದ್ದರಿಂದಲ್ಲ, ಅದಕ್ಕೆ ಯಜಮಾನನೇ ಇಲ್ಲವಾದ್ದರಿಂದ. ಸೋರುವ ಮಾಡಿಗೆ ಹಂಚು ಹೊದಿಸದವನು ಮಳೆಯನ್ನು ಬೈದು ಫಲವೇನು?

ಹಾಳಾಗದೆ ಉಳಿದ ಉದಾಹರಣೆಯೂ ಉಂಟು. ಮೊದಲ ಮಹಾಯುದ್ಧ ಮುಗಿದಾಗ ವಿಯೆನ್ನಾ ನಗರ ಹಸಿವಿನಲ್ಲಿಯೂ ಸಾಲದಲ್ಲಿಯೂ ಮುಳುಗಿತ್ತು. ಆ ನಗರದ ಆಡಳಿತ 1923ರಲ್ಲಿ ವಸತಿ ತೆರಿಗೆಯೊಂದನ್ನು ಹಾಕಿತು. ದೊಡ್ಡ ಮನೆಗೆ ಹೆಚ್ಚು ದರ, ಸಣ್ಣ ಮನೆಗೆ ಅಲ್ಪ. ಆ ಹಣದ ಬಲದಿಂದ 1934ರ ಒಳಗೆ ಕಾರ್ಮಿಕರಿಗಾಗಿ 60 ಸಾವಿರದಷ್ಟು ಮನೆಗಳನ್ನು ಕಟ್ಟಿತು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಒಂದು ಕಿಲೋಮೀಟರಿಗೂ ಉದ್ದದ ಕಟ್ಟಡದಲ್ಲಿ ಇಂದಿಗೂ ಜನ ಬಾಡಿಗೆಗೆ ವಾಸವಾಗಿದ್ದಾರೆ. ಇಂದು ಆ ನಗರದ ಒಡೆತನದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಬಾಡಿಗೆ ಮನೆಗಳಿವೆ. ಅಲ್ಲಿಯ ಗುಟ್ಟು ದೊಡ್ಡದೇನಲ್ಲ: ಕಟ್ಟಿದರು, ಮಾರಲಿಲ್ಲ, ಕಾಪಾಡಿದರು.

ಮಾರಿದವರ ಕಥೆಯನ್ನೂ ಕೇಳಿ. ಬ್ರಿಟನ್ನಿನಲ್ಲಿ 1919ರಿಂದ ಪೌರಸಭೆಗಳು ಬಾಡಿಗೆ ಮನೆಗಳನ್ನು ಕಟ್ಟುತ್ತ ಬಂದಿದ್ದವು. 1980ರ ಕಾಯಿದೆ ಅಲ್ಲಿದ್ದವರಿಗೆ ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕು ಕೊಟ್ಟಿತು. ಇಂಗ್ಲೆಂಡಿನಲ್ಲಿಯೇ ಸುಮಾರು 20 ಲಕ್ಷ ಮನೆಗಳು ಮಾರಾಟವಾದವು. ಕೊಂಡವರಿಗೆ ಲಾಭವಾಯಿತು. ಆದರೆ ಮಾರಿದಷ್ಟನ್ನು ಮತ್ತೆ ಕಟ್ಟಲಿಲ್ಲ. ಮಾರಿದ ಎಷ್ಟೋ ಮನೆಗಳು ಕೈ ಬದಲಿಸಿ, ಖಾಸಗಿ ಮಾಲಕರ ಕೈಯಲ್ಲಿ ಮತ್ತೆ ಬಾಡಿಗೆಗೇ ಬಂದವು, ಹೆಚ್ಚಿನ ಬಾಡಿಗೆಗೆ! ಕೊನೆಗೆ ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಹಕ್ಕನ್ನೇ ಕೊನೆಗಾಣಿಸಿದವು. ಒಂದು ಮನೆಯನ್ನು ಮಾರಿದರೆ ಒಂದು ಕುಟುಂಬಕ್ಕೆ ಒಮ್ಮೆ ಉಪಕಾರ. ಅದನ್ನು ಬಾಡಿಗೆಗೆ ಉಳಿಸಿಕೊಂಡರೆ ಅರವತ್ತು ವರ್ಷಗಳಲ್ಲಿ ನಾಲ್ಕೈದು ಕುಟುಂಬಗಳು ಅದರ ನೆರಳಿನಲ್ಲಿ ಚೇತರಿಸಿಕೊಂಡು ಮುಂದೆ ಸಾಗುತ್ತವೆ. ಖಜಾನೆಯ ಲೆಕ್ಕದಲ್ಲೂ ಎರಡನೆಯದೇ ಮೇಲು.

‘ನಮ್ಮ ಜನಕ್ಕೆ ಸ್ವಂತ ಮನೆಯೇ ಬೇಕು, ಬಾಡಿಗೆಯ ಮನೆ ಅಪಮಾನ’ ಎಂಬುದು ಮತ್ತೊಂದು ವಾದ. ಬೇಕು, ಯಾರು ಬೇಡವೆಂದರು? ನನಗೂ ಬೇಕಾಗಿತ್ತು. ಆದರೆ ಇಪ್ಪತ್ತರಲ್ಲಿ ನಾನೂ ಧಾರವಾಡದ ಚಾಳಿನ ಕೋಣೆಯೊಂದರಲ್ಲಿ ಇಬ್ಬರು ಗೆಳೆಯರೊಡನೆ ಬಾಡಿಗೆಗಿದ್ದೆ. ಆ ಕೋಣೆಯಿಲ್ಲದಿದ್ದರೆ ನನ್ನ ಎಂ.ಎ. ಆಗುತ್ತಿರಲಿಲ್ಲ, ಎಂ.ಎ. ಇಲ್ಲದಿದ್ದರೆ ಕೆಲಗೇರಿಯ ಮನೆಯೂ ಇರುತ್ತಿರಲಿಲ್ಲ. ಬಾಡಿಗೆಯ ಮನೆ ಸ್ವಂತ ಮನೆಯ ವೈರಿಯಲ್ಲ, ಅದರ ಮೆಟ್ಟಿಲು. ಮೆಟ್ಟಿಲಿಲ್ಲದೆ ಅಟ್ಟ ಹತ್ತೆಂದು ಬಡವನಿಗೆ ಹೇಳುವುದೇ ನಿಜವಾದ ಅಪಮಾನ. ಸಿಂಗಪುರವು 1964ರಿಂದ ಜನರನ್ನು ಮನೆಯ ಒಡೆಯರನ್ನಾಗಿಸಲು ಪಣ ತೊಟ್ಟ ದೇಶ. ಅಂಥ ದೇಶವೂ ತೀರ ಕಡಿಮೆ ವರಮಾನದವರಿಗಾಗಿ ಸರಕಾರಿ ಬಾಡಿಗೆ ಮನೆಗಳನ್ನು ಇಂದಿಗೂ ಉಳಿಸಿಕೊಂಡಿದೆ.

‘ಬಡವರು ಬಾಡಿಗೆ ಕೊಡುವುದಿಲ್ಲ’ ಎಂಬ ಮೂರನೆಯ ಮಾತಿಗೆ ನನ್ನ ಹಿತ್ತಲಿನ ಮೂರು ವರ್ಷಗಳೇ ಉತ್ತರ. ಅವರು ಈಗಲೂ ಕೊಡುತ್ತಿದ್ದಾರೆ, ನಮಗೆ ಕೊಡುತ್ತಿದ್ದಾರೆ. ಮತಕ್ಕಾಗಿ ಬಾಕಿ ಮನ್ನಾ ಮಾಡುವ ಚಾಳಿ ಬಿದ್ದರೆ ಸರಕಾರಿ ಮನೆಯ ಬಾಡಿಗೆ ನಿಂತೀತು, ನಿಜ. ಆ ಚಾಳಿಯನ್ನು ಬಿಡಬೇಕಾದವರು ಬಡವರಲ್ಲ.

ಖಾಸಗಿ ಬಾಡಿಗೆಗೆ ಕಾಯಿದೆಯ ರಕ್ಷಣೆ ಇದೆಯಲ್ಲ ಎನ್ನುವವರೂ ಇದ್ದಾರೆ. ಹಳೆಯ ಬಾಡಿಗೆ ನಿಯಂತ್ರಣ ಕಾಯಿದೆಗಳು ಬಾಡಿಗೆಯನ್ನು ಕಟ್ಟಿಹಾಕಿದವು. ಮಾಲಕರು ಹೆದರಿ ಬೀಗ ಜಡಿದರು ಅಥವಾ ಪಗಡಿ ಕೇಳಿದರು. ಆ ತಪ್ಪನ್ನು ತಿದ್ದಲು ಬಂದ ಕರ್ನಾಟಕ ಬಾಡಿಗೆ ಕಾಯಿದೆ 2001ರ ಕೊನೆಯ ದಿನ ಜಾರಿಗೆ ಬಂದಾಗ, ಊರಿಗೆ ತಕ್ಕಂತೆ ತಿಂಗಳಿಗೆ 3500 ಅಥವಾ 2000 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ಇಂದಿನ ಧಾರಣೆಯಲ್ಲಿ ಆ ಮೊತ್ತಕ್ಕೆ ಸಿಕ್ಕುವುದೆಷ್ಟೆಂದು ಬಾಡಿಗೆ ಹುಡುಕಿದವರೇ ಹೇಳಲಿ. ಖಾಸಗಿ ಮಾಲಕನ ಕೈ ಕಟ್ಟಿ ಬಡವನನ್ನು ಉದ್ಧರಿಸುವುದು ಆಗದ ಮಾತೆಂಬುದನ್ನು ಅನುಭವ ಕಲಿಸಿದೆ. ಆದ್ದರಿಂದಲೇ ಸರಕಾರ ತಾನೇ ಮಾಲಕನಾಗಿ ಪೇಟೆಗೆ ಇಳಿಯಬೇಕು. ಒಂದು ಓಣಿಯಲ್ಲಿ ನ್ಯಾಯದ ಬಾಡಿಗೆಗೆ ನೂರು ಮನೆಗಳಿದ್ದರೆ ನನ್ನಂಥವರ ದುರಾಸೆಗೂ ತಾನಾಗಿಯೇ ಲಗಾಮು ಬೀಳುತ್ತದೆ.

ಹಾಗಾದರೆ ಆಗಬೇಕಾದದ್ದೇನು? ಪಾಲಿಕೆಯೂ ಗೃಹಮಂಡಳಿಯೂ ಇನ್ನು ಮುಂದೆ ಬಡವರಿಗಾಗಿ ಕಟ್ಟುವ ಮನೆಗಳಲ್ಲಿ ಒಂದು ನಿಶ್ಚಿತ ಪಾಲನ್ನು ಬಾಡಿಗೆಗೆಂದೇ ಮೀಸಲಿಡಬೇಕು, ಮತ್ತು ಆ ಪಾಲನ್ನು ಎಂದಿಗೂ ಮಾರಕೂಡದೆಂದು ಕಾಯಿದೆಯಲ್ಲಿಯೇ ಬರೆಯಬೇಕು. ಬಾಡಿಗೆ ಕುಟುಂಬದ ವರಮಾನದ ನಾಲ್ಕರಲ್ಲೊಂದು ಭಾಗವನ್ನು ಮೀರಬಾರದು. ವರಮಾನ ಏರಿದರೆ ಬಾಡಿಗೆ ಏರಲಿ; ಏರಿತೆಂದು ಹೊರಹಾಕುವುದು ಬೇಡ. ನಾಲ್ಕು ಕಾಸು ಕಂಡ ಕುಟುಂಬಗಳೂ ಅಲ್ಲಿ ಉಳಿದರೆ ವಸತಿ ಕೊಳಗೇರಿಯಾಗುವುದು ತಪ್ಪುತ್ತದೆ. ಪ್ರತಿ ಬಾಡಿಗೆದಾರನ ಕೈಯಲ್ಲಿ ಐದು ವರ್ಷಗಳ, ನವೀಕರಿಸಬಹುದಾದ ಕರಾರು ಪತ್ರವಿರಬೇಕು. ಶಾಲೆಯಲ್ಲಿ, ಬ್ಯಾಂಕಿನಲ್ಲಿ, ಕಚೇರಿಯಲ್ಲಿ ಅದೇ ಅವನ ವಿಳಾಸದ ಸಾಕ್ಷಿಯಾಗಬೇಕು. ಬಂದ ಬಾಡಿಗೆಯ ಜೊತೆಗೆ ಪಾಲಿಕೆಯ ಪಾಲನ್ನೂ ಸೇರಿಸಿ ದುರಸ್ತಿಗೆಂದೇ ಪ್ರತ್ಯೇಕ ನಿಧಿ ಇಡಬೇಕು. ಅದರ ಲೆಕ್ಕವನ್ನು ಅಲ್ಲಿ ವಾಸಿಸುವವರ ಸಮಿತಿಗೆ ತೋರಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮನೆಗಳು ಕೆಲಸಕ್ಕೆ ಹತ್ತಿರವಿರಬೇಕು. ಬೆಳಗಿನ ಐದೂವರೆಗೆ ಮುಸುರೆಗೆ ಬರುವವಳಿಗೆ ಊರಾಚೆ ಹತ್ತು ಮೈಲಿಯಲ್ಲಿ ಮನೆ ಕೊಟ್ಟರೆ ಅವಳು ಅದಕ್ಕೆ ಬೀಗ ಹಾಕಿ ಮತ್ತೆ ನನ್ನ ಹಿತ್ತಲಿಗೇ ಬರುತ್ತಾಳೆ. 80 ಸಾವಿರ ಮನೆಗಳು ಖಾಲಿ ಬಿದ್ದುದರ ಒಂದು ಕಾರಣ ಇದೇ.

ಬಾಡಿಗೆದಾರನನ್ನು ಗುರುತಿಸುವುದು ಕಷ್ಟವೆಂದು ಅಧಿಕಾರಿಗಳು ಹೇಳಬಹುದು. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಾಗ ಬಾಡಿಗೆದಾರರಿಗೆ ಅದು ಸಿಕ್ಕುವುದೋ ಇಲ್ಲವೋ ಎಂದು ಗೊಂದಲವಾಯಿತು. ಸಿಕ್ಕುವುದೆಂದು ಸರಕಾರವೇ ಸ್ಪಷ್ಟಪಡಿಸಿತು, ಆಧಾರ್ ಸಂಖ್ಯೆಯನ್ನು ಮೀಟರಿನ ಸಂಖ್ಯೆಗೆ ಜೋಡಿಸಿ ಕೆಲಸ ನಡೆಯಿತು. ಕರೆಂಟಿನ ಮೀಟರಿಗೆ ಕಂಡ ಬಾಡಿಗೆದಾರ ವಸತಿ ಇಲಾಖೆಗೆ ಕಾಣದಿರಲು ಕಾರಣವಿಲ್ಲ.

ವಾಚಕರಲ್ಲಿ ಬಹುಮಂದಿ ನನ್ನಂತೆಯೇ ಒಂದು ಮನೆ, ಹಿತ್ತಲಿನಲ್ಲಿ ಎರಡು ಕೋಣೆ ಇದ್ದವರು. ಬಾಡಿಗೆಗೆ ಬಂದವರನ್ನು ಜಾತಿ ಕೇಳಿ, ಊಟ ಕೇಳಿ, ಮಕ್ಕಳ ಸಂಖ್ಯೆ ಕೇಳಿ ಒಳಗೆ ಬಿಡುವವರು. ಸರಕಾರಿ ಬಾಡಿಗೆ ಮನೆಗಳು ಬಂದರೆ ನಮ್ಮ ಬಾಡಿಗೆಗೆ ತುಸು ಪೆಟ್ಟು ಬೀಳಬಹುದು. ಬೀಳಲಿ. ನಮ್ಮ ಗೋಡೆ ಕಟ್ಟಿದವನೂ ನಮ್ಮ ಪಾತ್ರೆ ತೊಳೆದವಳೂ ನಮ್ಮ ಊರಿನವರೇ ಆಗಿ ಬಾಳುವುದಕ್ಕೆ ಆ ಬೆಲೆ ಹೆಚ್ಚಿನದಲ್ಲ. ಅದು ಬರುವವರೆಗೆ ಕರಾರು ಪತ್ರ ಕೇಳಿದವರಿಗೆ ಅಂದೇ ಸಹಿ ಹಾಕಿ ಕೊಡುವ ಕೆಲಸವಾದರೂ ನಮ್ಮ ಕೈಯಲ್ಲಿದೆ. ನಾನು ತಡೆದ ಮೂರು ವಾರಗಳನ್ನು ಯಾರೂ ತಡೆಯದಿರಲಿ.

ಮುಂದೆ ಚುನಾವಣೆ ಬಂದಾಗ ಹುರಿಯಾಳುಗಳು ನಮ್ಮ ಓಣಿಗಳಿಗೂ ಬರುತ್ತಾರೆ. ಇಷ್ಟು ಸಾವಿರ ಮನೆ ಹಂಚಿದೆವೆಂದು ಲೆಕ್ಕ ಹೇಳುತ್ತಾರೆ. ಹಂಚಿದ್ದೆಷ್ಟೆಂದು ಕೇಳಿ ಸುಮ್ಮನಾಗಬೇಡಿ. ಊರಿನ ಸ್ವತ್ತಾಗಿ ಉಳಿಸಿಕೊಂಡದ್ದೆಷ್ಟು, ಅವುಗಳಲ್ಲಿ ಕಡಿಮೆ ಬಾಡಿಗೆಗೆ ಇಂದು ಎಷ್ಟು ಕುಟುಂಬಗಳಿವೆ, ಕಳೆದ ಮಳೆಗಾಲದಲ್ಲಿ ಎಷ್ಟು ಮಾಡುಗಳನ್ನು ದುರಸ್ತಿ ಮಾಡಿಸಿದಿರಿ ಎಂದು ಕೇಳಿ. ಉತ್ತರ ಬರುವವರೆಗೆ ಮತ್ತೆ ಮತ್ತೆ ಕೇಳಿ.